ಹೊಗೆಯಿಲ್ಲದ ಅಟ್ಟ

ರಾತ್ರಿ ಎರಡು ಗಂಟೆ ಇರಬಹುದು. ಉಗ್ರಾಣದಲ್ಲಿ ಏನೋ ದೊಪ್ಪೆಂದು ಬಿತ್ತು. ಹೊರಗೆ ಜೂನ್ ತಿಂಗಳ ಮಳೆ, ಕರೆಂಟು ಸಂಜೆಯೇ ಹೋಗಿತ್ತು. ಬೆಕ್ಕು ಇರಬೇಕು ಅಂದುಕೊಂಡು ಮೊಬೈಲ್ ಟಾರ್ಚ್ ಹಿಡಿದು ಹೋದೆ. ಬಾಗಿಲು ತೆಗೆಯುವ ಮೊದಲೇ ವಾಸನೆ ಬಂತು. ಹಳಸಿದ ದೋಸೆ ಹಿಟ್ಟಿನ ಹಾಗೆ ಹುಳಿ ಹುಳಿ. ಮೇಲೆ ಕಟ್ಟಿದ್ದ ಸೌತೆಕಾಯಿಯೊಂದು ಕೊಳೆತು, ಕುಣಿಕೆಯಿಂದ ಜಾರಿ, ಅವಲಕ್ಕಿ ಡಬ್ಬದ ಮೇಲೆ ಬಿದ್ದು ಒಡೆದಿತ್ತು. ಬೀಜವೆಲ್ಲ ಗೋಡೆಗೆ ಅಂಟಿಕೊಂಡಿತ್ತು. ಬಾಳೆಬಳ್ಳಿಯ ಖಾಲಿ ಕುಣಿಕೆ ಮಾತ್ರ ಮೇಲೆ ಸುಮ್ನೆ ತೂಗಾಡುತ್ತಿತ್ತು.

ಟಾರ್ಚನ್ನು ಮೇಲಕ್ಕೆ ಹಿಡಿದೆ. ಪಕ್ಕದ್ದೂ ಬೆವತ ಹಾಗೆ ಕಾಣುತ್ತಿತ್ತು. ಅದರ ಪಕ್ಕದ್ದರ ತುದಿಯಿಂದ ಒಂದೊಂದೇ ಹನಿ.

ನಾನು ಮೈಸೂರಿನವಳು. ಮದುವೆಯಾಗಿ ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದೆ. 2020ರಲ್ಲಿ ಎಲ್ಲರಿಗೂ ಮನೆಯಿಂದಲೇ ಕೆಲಸ ಅಂತಾದಾಗ ಪುತ್ತೂರಿನ ಹತ್ತಿರದ ಗಂಡನ ಮನೆಗೆ ಬಂದೆವು. ಬಂದವರು ವಾಪಸು ಹೋಗಲಿಲ್ಲ. ನನಗೆ ಸೌತೆಕಾಯಿ ಅಂದರೆ ಕೋಸಂಬರಿಗೆ ಹೆಚ್ಚುವ ಎಳೆಕಾಯಿ, ಅಷ್ಟೇ. ಇಲ್ಲಿ ಸೌತೆ ಅಂದರೆ ಬೇರೆಯದೇ. ಹಳದಿ ಮೈ, ಮೇಲೆ ಹಸಿರೋ ಕಿತ್ತಳೆಯೋ ಪಟ್ಟೆ, ಒಂದೊಂದು ಕಿಲೋ ತೂಗುವ ಗುಂಡುಕಾಯಿ. ಬೆಂಗಳೂರಿನ ಅಂಗಡಿಗಳಲ್ಲಿ ಮಂಗಳೂರು ಸೌತೆ ಅಂತ ಮಾರುವುದು ಇದನ್ನೇ. ಶಿರಸಿ ಕಡೆಯವರು ಮೊಗೆಕಾಯಿ ಅನ್ನುತ್ತಾರೆ. ಬಂದ ಹೊಸದರಲ್ಲಿ ಇದನ್ನು ಹಸಿಯಾಗಿಯೇ ಹೆಚ್ಚಿ ಕೋಸಂಬರಿ ಮಾಡಿ ಬಡಿಸಿದ್ದೆ. ಮಾವ ಏನೂ ಹೇಳದೆ ಎಲೆಯ ಮೂಲೆಗೆ ಸರಿಸಿದ್ದರು.

ಈ ಕಡೆ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ಹಿತ್ತಲಲ್ಲಿ ಕೆಸು, ಬಸಳೆ ಅಂತ ಒಂದಿಷ್ಟು ಬಿಟ್ಟರೆ ಅಡುಗೆಗೆ ಸಿಗುವುದು ಕಡಿಮೆ. ಹಾಗಾಗಿ ಬೇಸಿಗೆ ಪೂರ್ತಿ ಮಳೆಗಾಲದ ತಯಾರಿಯೇ. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಗೆ ತುಂಬುವುದು, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು. ಅತ್ತೆಗೆ ಇದಕ್ಕೆಲ್ಲ ಒಂದು ಗಡುವು ಉಂಟು: ಪತ್ತನಾಜೆ. ತುಳು ತಿಂಗಳು ಬೇಶದ ಹತ್ತನೇ ದಿನ, ಅಂದರೆ ಮೇ 24ರ ಹೊತ್ತಿಗೆ ಬರುತ್ತದೆ. ಅದರ ನಂತರ ಅಂಗಳದಲ್ಲಿ ಏನನ್ನೂ ನಂಬಿ ಒಣಗಿಸಲಿಕ್ಕಿಲ್ಲ ಅಂತ ಅವರ ಲೆಕ್ಕ.

ನನ್ನ ಲೆಕ್ಕ ಬೇರೆ ಇತ್ತು. ಇಷ್ಟೆಲ್ಲ ಒದ್ದಾಟ ಯಾಕೆ, ಫ್ರೀಜರ್ ಇದೆಯಲ್ಲ! ಮೊದಲ ಬೇಸಿಗೆಯಲ್ಲಿ ಅಲಸಂಡೆ, ಬೆಂಡೆ ಎಲ್ಲ ಹೆಚ್ಚಿ, ಬಿಸಿನೀರಲ್ಲಿ ಅದ್ದಿ ತೆಗೆದು, ಜಿಪ್ ಚೀಲಗಳಲ್ಲಿ ತುಂಬಿ ತಾರೀಕು ಬರೆದು ಇಟ್ಟೆ. ನೋಡಲಿಕ್ಕೆ ಬಹಳ ಚೆಂದ ಇತ್ತು. ಜುಲೈಯಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದು ಎರಡು ದಿನ ಕರೆಂಟು ಇರಲಿಲ್ಲ. ಚೀಲಗಳನ್ನು ಗೊಬ್ಬರದ ಗುಂಡಿಗೆ ಸುರಿಯುವಾಗ ಅತ್ತೆ ಕೇಳಿದ್ದು ಒಂದೇ ಮಾತು, "ಆ ತೊಟ್ಟೆಗಳನ್ನು ತೊಳ್ದು ಇಡ್ತೀಯಾ?" ಇಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ತೊಟ್ಟೆ ಅನ್ನುತ್ತಾರೆ.

ಸೌತೆ ಹಿಡಿದದ್ದು ಹಾಗೆ. ಅದಕ್ಕೆ ಕರೆಂಟು ಬೇಡ, ಉಪ್ಪು ಬೇಡ, ಬಿಸಿಲೂ ಬೇಡ. ಕೊಯ್ದು ಕಟ್ಟಿ ನೇತುಹಾಕಿದರೆ ಮಾರ್ಚ್ ತಿಂಗಳ ಕಾಯಿ ಚೌತಿವರೆಗೂ ಇರುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು.

2021ರ ಡಿಸೆಂಬರಿನಲ್ಲಿ ತೋಟದ ಕೆಳಗೆ ಬೇಸಾಯ ಬಿಟ್ಟ ಹಡಿಲು ಗದ್ದೆಯ ಒಂದು ತುಂಡಿನಲ್ಲಿ ಹನ್ನೆರಡು ಗುಂಡಿ ಮಾಡಿದೆವು. ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿ ಗುಂಡಿಗೆ ನಾಲ್ಕು ಬೀಜ. ಬಳ್ಳಿ ಹರಿಯಲು ಶುರುವಾದಾಗ ಕೆಳಗೆ ಒಣ ಸೊಪ್ಪು, ಸೋಗೆ ಹರಡಿದೆವು. ಕಾಯಿ ನೆಲಕ್ಕೆ ತಾಗಿದರೆ ಆ ಜಾಗ ಬಿಳಿಚಿಕೊಂಡು ಮೆತ್ತಗಾಗುತ್ತದೆ.

ಬಳ್ಳಿಗಿಂತ ಜಾಸ್ತಿ ಕೆಲಸ ಕೊಟ್ಟದ್ದು ಹಣ್ಣುನೊಣ. ಹೆಣ್ಣು ಹೂವಿನ ಹಿಂದೆಯೇ ಬೆರಳ ತುದಿಯಷ್ಟು ಕಾಯಿ ಇರುತ್ತದೆ ನೋಡಿ, ಹೂ ಬಾಡುವ ಹೊತ್ತಿಗೆ ನೊಣ ಅದಕ್ಕೆ ಚುಚ್ಚಿ ಮೊಟ್ಟೆ ಇಟ್ಟುಬಿಡುತ್ತದೆ. ಚುಚ್ಚಿದ ಕಡೆ ಅಂಟಿನ ಸಣ್ಣ ಹನಿ ಕಾಣಿಸುತ್ತದೆ. ಮತ್ತೆ ಕಾಯಿ ಸೊಟ್ಟಗಾಗಿ, ಒಳಗೆ ಹುಳು. ಎಳೆಕಾಯಿಗಳಿಗೆ ಹಳೇ ಪೇಪರ್ ಸುತ್ತಿ ದಾರ ಕಟ್ಟಿದೆ. ಬೆಳಿಗ್ಗೆ ಆಫೀಸಿನ ಮೀಟಿಂಗ್ ಶುರುವಾಗುವ ಮೊದಲು ದಿನಾ ಅದೇ ಕೆಲಸ. ಸುದ್ದಿ ಪೇಪರ್ ಸುತ್ತಿಕೊಂಡ ಸೌತೆಗಳು ಗದ್ದೆ ತುಂಬ ಮಲಗಿದ್ದವು. ಮಂಗಗಳ ವಿಷಯ ಬರೆಯುವುದಿಲ್ಲ, ಬರೆದರೆ ಬೇರೆಯೇ ಬರಹ ಆಗುತ್ತದೆ.

ಮಾರ್ಚ್ ಎರಡನೇ ವಾರ ಕೊಯ್ದೆ. ಅತ್ತೆ ಅವತ್ತು ನಾದಿನಿಯ ಮನೆಗೆ ಹೋಗಿದ್ದರು. ನಾನೇ ಬುಟ್ಟಿ ಹಿಡಿದು ಒಂದೊಂದನ್ನೂ ತಿರುಚಿ ಕಿತ್ತೆ. ಪೂರ್ತಿ ಬಲಿತ ಕಾಯಿ, ತಿರುಚಿದರೆ ಟಪ್ಪನೆ ಕೈಗೆ ಬರುತ್ತದೆ. ಆ ಶಬ್ದವೇ ಖುಷಿ. ನಲವತ್ತೊಂದು ಕಾಯಿ. ಅಂಗಳದಲ್ಲಿ ಸಾಲಾಗಿ ಜೋಡಿಸಿ, ನಲ್ಲಿ ನೀರಲ್ಲಿ ತೊಳೆದು, ಫೋಟೋ ತೆಗೆದು ಬೆಂಗಳೂರಿನ ಗೆಳತಿಯರಿಗೆಲ್ಲ ಕಳಿಸಿದೆ.

ಮಾರನೆಯ ದಿನ ಅತ್ತೆ ಬಂದು ಒಂದು ಕಾಯಿ ಎತ್ತಿ ತಲೆಯ ಕಡೆ ನೋಡಿದರು.

"ತೊಟ್ಟು ಎಲ್ಲಿ ಮಾರಾಯ್ತಿ?"

"ಕಿತ್ತಾಗ ಬಂತಲ್ಲ ಅತ್ತೆ."

"ಕೀಳುದಾ? ಕತ್ತಿಯಲ್ಲಿ ಕೊಯ್ಯುದು ಅದನ್ನು. ತೊಟ್ಟಿದ್ದಲ್ಲಿ ಈಗ ಬಾಯಿ ತೆರ್ದ ಹಾಗೆ ಆಯ್ತು. ತೊಳ್ದದ್ದು ಬೇರೆ!"

ಬೈದದ್ದು ಅಷ್ಟೇ. ಮತ್ತೆ ಕೂತು ಕಟ್ಟಲು ಹೇಳಿಕೊಟ್ಟರು. ಒಣಗಿದ ಬಾಳೆದಿಂಡಿನ ಹೊರಪಟ್ಟೆಯನ್ನು ನೀರಲ್ಲಿ ನೆನೆಸಿ, ಎರಡು ಬೆರಳು ಅಗಲಕ್ಕೆ ಸೀಳುವುದು. ಅದೇ ಬಾಳೆಬಳ್ಳಿ. ಕಾಯಿಯ ಹೊಟ್ಟೆಗೆ ಒಂದು ಸುತ್ತು, ಅದಕ್ಕೆ ಅಡ್ಡವಾಗಿ ಇನ್ನೊಂದು ಸುತ್ತು, ಮೇಲೆ ಗಂಟು. ಗಂಟಿನಿಂದ ಒಂದು ಗೇಣು ಬಿಟ್ಟು ಮುಂದಿನ ಕಾಯಿ. ಒಂದಕ್ಕೊಂದು ತಾಗಬಾರದು. ಹಸಿ ಇದ್ದಾಗ ಮೆತ್ತಗಿದ್ದ ಬಳ್ಳಿ ಮರುದಿನಕ್ಕೆ ಒಣಗಿ ಗಟ್ಟಿಯಾಗಿ ಕಾಯಿಯನ್ನು ಕಚ್ಚಿ ಹಿಡಿದಿರುತ್ತದೆ. ಪ್ಲಾಸ್ಟಿಕ್ ಹಗ್ಗ ಬೇಡವಂತೆ, ಸಿಪ್ಪೆ ಕೊಯ್ಯುತ್ತದೆ. ನನ್ನ ಗಂಟುಗಳನ್ನು ಅತ್ತೆ ಸುಮ್ನೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು.

ಉಗ್ರಾಣದ ಮೇಲೆ ಕಬ್ಬಿಣದ ಸರಳು ಹಾಕಿಸಿ ಎಲ್ಲ ನೇತುಹಾಕಿದೆವು. ಮೇ ಕೊನೆಗೆ ಒಂದೆರಡು ಮೆತ್ತಗಾದವು, ಹುಳಿಗೆ ಹಾಕಿದೆವು. ಜೂನ್‌ನಲ್ಲಿ ಆ ರಾತ್ರಿ. ಜುಲೈ ಮುಗಿಯುವ ಹೊತ್ತಿಗೆ ನಲವತ್ತೊಂದರಲ್ಲಿ ಇಪ್ಪತ್ತಾರು ಕೊಳೆತಿದ್ದವು. ಕೊಳೆಯುವುದು ಯಾವಾಗಲೂ ತಲೆಯಿಂದಲೇ. ತೊಟ್ಟು ಇದ್ದ ಗುಳಿಯಲ್ಲಿ ಮೊದಲು ಬೂದು ಬಣ್ಣದ ನಯವಾದ ಬೂಷ್ಟು, ಎರಡು ದಿನಕ್ಕೆ ಅದರ ಸುತ್ತ ನೀರಾಡಿದಂಥ ಕಲೆ, ಮತ್ತೆ ಬೆರಳು ಒತ್ತಿದರೆ ಒಳಗೇ ಹೋಗುತ್ತದೆ. ತೊಟ್ಟು ಬರೀ ಹಿಡಿಕೆಯಲ್ಲ ಅಂತ ಆಗ ಗೊತ್ತಾಯಿತು. ಎರಡು ಇಂಚು ತೊಟ್ಟು ಬಿಟ್ಟು ಕೊಯ್ದರೆ ಅದು ಒಣಗಿ ಕಟ್ಟಿಗೆಯ ಹಾಗಾಗಿ ಬಾಯಿ ಮುಚ್ಚುತ್ತದೆ. ಬೂದುಗುಂಬಳಕ್ಕೂ ಹಾಗೆಯೇ, ಜೊತೆಗೆ ಅದರ ಮೈಮೇಲಿನ ಬೂದಿಯನ್ನು ಒರೆಸಬಾರದು.

ತಪ್ಪು ನನ್ನದು ಅಂತ ಒಪ್ಪಿಕೊಂಡು ಸುಮ್ಮನಾಗಿದ್ದೆ. ಆದರೆ ಆ ನಲವತ್ತೊಂದಲ್ಲದೆ ಇನ್ನೂ ಆರು ಕಾಯಿ ಇದ್ದವು, ಅವು ನಾನು ಕಿತ್ತದ್ದಲ್ಲ. ಗದ್ದೆಯಲ್ಲಿ ಕೊನೆಗೆ ಉಳಿದಿದ್ದನ್ನು ಅತ್ತೆಯೇ ಏಪ್ರಿಲಿನಲ್ಲಿ ಕತ್ತಿಯಿಂದ ಕೊಯ್ದು, ತೊಟ್ಟು ಸಮೇತ ಕಟ್ಟಿದ್ದು. ಅದರಲ್ಲೂ ಮೂರು ಹೋದವು. ಅತ್ತೆ ಆ ಮೂರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಹೀಗೆ ಆದದ್ದೇ ಇಲ್ಲ ನಮ್ಮಲ್ಲಿ" ಅಂದರು. ಮತ್ತೆ ಬೀಜ ಸರಿ ಇಲ್ಲ ಅಂದರು. ಮರುದಿನ ಮಳೆ ಸರಿ ಇಲ್ಲ ಅಂದರು.

ವಿಷಯ ಬಿಡಿಸಿದ್ದು ಮಾವ, ಅದೂ ಬೇಕಂತ ಅಲ್ಲ. ಊಟಕ್ಕೆ ಕೂತಾಗ ಹಳೇ ಮನೆಯ ಮಾತು ಬಂತು. ಈಗಿರುವುದು 2009ರಲ್ಲಿ ಕಟ್ಟಿದ ತಾರಸಿ ಮನೆ. ಅದಕ್ಕೂ ಮೊದಲು ಇದೇ ಜಾಗದಲ್ಲಿ ಹಂಚಿನ ಮನೆ ಇತ್ತು. ಅಡುಗೆಮನೆಯಲ್ಲಿ ಕಟ್ಟಿಗೆ ಒಲೆ, ನೇರ ಮೇಲೆ ಅಟ್ಟ. "ಅಟ್ಟದಿಂದ ಸೌತೆಕಾಯಿ ತರ್ಲಿಕ್ಕೆ ಹೋದ್ರೆ ಕಣ್ಣು ಉರಿ, ಅಂಗಿ ಕಪ್ಪು. ಅಮ್ಮನ ಹತ್ರ ಬೈಗಳು" ಅಂದರು ಮಾವ. ಅತ್ತೆ ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು.

ಹೊಗೆ. ಬೆಳಿಗ್ಗೆ ಐದರಿಂದ ರಾತ್ರಿವರೆಗೆ ಆರದ ಒಲೆ. ಅದರ ಬಿಸಿಗಾಳಿ ಅಟ್ಟಕ್ಕೆ ಏರಿ, ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆಯಲ್ಲೂ ಆ ಜಾಗ ಒಣ ಒಣ. ಈಗ ಅಡುಗೆ ಗ್ಯಾಸಿನಲ್ಲಿ. ಉಗ್ರಾಣಕ್ಕೆ ಇರುವುದು ಒಂದು ಸಣ್ಣ ಕಿಟಕಿ, ಇಲಿ ಬರುತ್ತದೆ ಅಂತ ಅದೂ ಮುಚ್ಚಿದ್ದು. ಮಳೆಗಾಲದಲ್ಲಿ ಅದರ ಗೋಡೆ ಮುಟ್ಟಿದರೆ ಕೈ ತಣ್ಣಗಾಗುತ್ತದೆ, ಚಪ್ಪಲಿಗೂ ಬೂಷ್ಟು ಬರುತ್ತದೆ. ಅತ್ತೆ ಮದುವೆಯಾಗಿ ಬಂದಂದಿನಿಂದ ಕಾಯಿ ಕಟ್ಟುತ್ತಿದ್ದವರು. ಅವರ ಕೈ ಸರಿಯೇ ಇತ್ತು. ಹೊಸ ಮನೆಗೆ ಬಂದ ಮೇಲೆ ತರಕಾರಿ ಮಾಡುವುದನ್ನೇ ಬಿಟ್ಟಿದ್ದರಂತೆ, ಪೇಟೆಯಿಂದ ತರುತ್ತಿದ್ದರು. ಹಾಗಾಗಿ ತಾರಸಿಯ ಕೆಳಗೆ ಸೌತೆ ಕಟ್ಟಿದ್ದು ಅವರಿಗೂ ಅದೇ ಮೊದಲು.

ಮನೆಯಲ್ಲಿ ಈಗಲೂ ಹೊಗೆ ಇರುವ ಜಾಗ ಒಂದೇ, ಬಚ್ಚಲು. ಇಲ್ಲಿ ಗೀಸರ್ ಇದ್ದವರೂ ಹಂಡೆ ಬಿಡುವುದಿಲ್ಲ. ತೋಟ ಇದ್ದ ಮೇಲೆ ಸೋಗೆ, ಮಡಲು, ತೆಂಗಿನ ಸಿಪ್ಪೆ ಎಲ್ಲ ಎಲ್ಲಿಗೆ ಹಾಕುವುದು? ನಮ್ಮ ಹಂಡೆಯ ಒಲೆಯ ಬಾಯಿ ಇರುವುದು ಹೊರಗೆ, ಕಟ್ಟಿಗೆ ಕೊಟ್ಟಿಗೆಯ ಕಡೆ. ಅದಕ್ಕೆ ಹಂಚಿನ ಮಾಡು. ದಿನಕ್ಕೆ ಎರಡು ಸಲ ಬೆಂಕಿ.

2023ರ ಮಾರ್ಚಿನಲ್ಲಿ ಮೂವತ್ತನಾಲ್ಕು ಕಾಯಿ ಆಯಿತು. ಈ ಸಲ ಕತ್ತಿ ನನ್ನ ಕೈಯಲ್ಲಿ, ಬುಟ್ಟಿ ಅತ್ತೆಯ ಕೈಯಲ್ಲಿ. ತೊಟ್ಟಿನ ಜೊತೆ ಬಳ್ಳಿಯ ತುಂಡನ್ನೂ ಸೇರಿಸಿ ಕೊಯ್ದೆ. ಬುಟ್ಟಿಗೆ ಎಸೆಯಲಿಲ್ಲ, ತೊಳೆಯಲಿಲ್ಲ, ಬರೀ ಹಳೇ ಪಂಚೆಯಲ್ಲಿ ಮಣ್ಣು ಒರೆಸಿದ್ದು. ಎರಡು ದಿನ ನೆರಳಲ್ಲಿ ಹರಡಿಟ್ಟು, ಪೆಟ್ಟಾದ ನಾಲ್ಕನ್ನು ಅಡುಗೆಗೆ ಬೇರೆ ಮಾಡಿ, ಉಳಿದ ಮೂವತ್ತನ್ನು ಕಟ್ಟಿಗೆ ಕೊಟ್ಟಿಗೆಯ ಮಾಡಿನ ಮರಕ್ಕೆ, ಅಂದರೆ ಪಕ್ಕಾಸಿಗೆ, ಕಟ್ಟಿದೆವು. ಒಲೆಗೆ ತೀರಾ ಹತ್ತಿರ ಬೇಡ, ಕಾಯಿ ಬೇಯುತ್ತದೆ ಅಂತ ಮಾವ ದೂರ ಅಳೆದು ಹೇಳಿದರು. ಮಾವನಿಗೆ ಇದರಲ್ಲಿ ಆಸಕ್ತಿ ಬಂದದ್ದೇ ನನಗೆ ಆಶ್ಚರ್ಯ.

ಐದು ಹೋದವು. ಅದರಲ್ಲಿ ಎರಡು ಇಲಿ ತಿಂದದ್ದು. ಉಳಿದದ್ದರಲ್ಲಿ ವಾರಕ್ಕೊಂದರಂತೆ ಇಳಿಸಿದೆವು. ಒಂದು ಕಾಯಿಯಲ್ಲಿ ಹುಳಿ, ಪಲ್ಯ, ಉಳಿದ ತುಂಡಿನಲ್ಲಿ ಮರುದಿನದ ದೋಸೆ. ಕೊಯ್ದು ನಾಲ್ಕು ತಿಂಗಳಾದ ಕಾಯಿ ಹಗುರ ಆಗಿತ್ತು, ಸಿಪ್ಪೆ ದಪ್ಪ ಆಗಿತ್ತು. ಒಳಗೆ ಮಾತ್ರ ಬಿಳಿ, ಗಟ್ಟಿ. ಹೆಚ್ಚುವಾಗ ಕರಕರ ಸದ್ದು. ಅಪರೂಪಕ್ಕೆ ಕಹಿ ಇರುವುದುಂಟು, ಹಾಗಾಗಿ ಒಂದು ಚೂರು ನಾಲಿಗೆಗೆ ಇಟ್ಟು ನೋಡಿಯೇ ಪಾತ್ರೆಗೆ ಹಾಕಬೇಕು.

ಚೌತಿಗೆ ಎರಡು ಉಳಿದಿದ್ದವು. ಬೆಂಗಳೂರಿನಿಂದ ನಾದಿನಿಯ ಮಕ್ಕಳೂ ಬಂದಿದ್ದರು. ನಾನು ಏಣಿ ಹತ್ತಿ ಎರಡನ್ನೂ ಇಳಿಸಿ ಸ್ವಲ್ಪ ಜಂಬದಲ್ಲೇ ಅತ್ತೆಯ ಮುಂದೆ ಇಟ್ಟೆ. ಹಳದಿ ಬಣ್ಣ ಎಲ್ಲೂ ಕಾಣುತ್ತಿರಲಿಲ್ಲ. ಮಸಿ ಹಿಡಿದು ಹಂಡೆಯ ಬುಡದ ಹಾಗೆ ಆಗಿದ್ದವು. ತೆಂಗಿನ ನಾರಿನಲ್ಲಿ ಮೂರು ಸಲ ಉಜ್ಜಿದರೂ ನೀರು ಕಪ್ಪಾಗಿಯೇ ಹೋಯಿತು.

ಅತ್ತೆ ಸಿಪ್ಪೆ ಹೆರೆದರು. ಒಳಗಿನ ತಿರುಳು ನೋಡಿ ತಲೆ ಆಡಿಸಿದರು. ಮತ್ತೆ ಆ ಕಪ್ಪು ಸಿಪ್ಪೆಯನ್ನು ಕೈಯಲ್ಲಿ ಹಿಡಿದು ಮೂಸಿದರು.

"ಕಾಯಿ ಒಳ್ಳೆದುಂಟು. ಸಿಪ್ಪೆಯ ಚಟ್ನಿ ಆಗುದಿಲ್ಲ ಇದ್ರದ್ದು."

ಸಿಪ್ಪೆ ದನದ ಬಾನಿಗೆ ಹೋಯಿತು. ಈ ವರ್ಷ ಕಾಯಿಗಳಿಗೆ ಸಡಿಲಾಗಿ ಬಾಳೆಎಲೆ ಸುತ್ತಿ ಕಟ್ಟುವ ಅಂತ ಅತ್ತೆ. ಬೇಡ, ಎಲೆ ಒಳಗೆ ಬೆವರುತ್ತದೆ ಅಂತ ನಾನು. ಕೊನೆಗೆ ಹತ್ತಕ್ಕೆ ಸುತ್ತಿದ್ದೇವೆ, ಉಳಿದದ್ದಕ್ಕೆ ಇಲ್ಲ.