ಸಮುದ್ರದ ತಳಕ್ಕೆ ಹದ್ದುಬಸ್ತು

ದಾವಣಗೆರೆಯಲ್ಲಿ ಕೆಎಎಸ್, ಐಎಎಸ್‌ಗೆ ಓದುವ ಹುಡುಗರ ನೋಟ್ಸ್‌ನಲ್ಲಿ ಕಡಲ ಕಾನೂನು ಅಂದರೆ ಮೂರು ಸಂಖ್ಯೆ: 12, 200, 350. ದಂಡೆಯಿಂದ ಅಳೆದರೆ ಪ್ರಾದೇಶಿಕ ಸಮುದ್ರ 12 ನಾಟಿಕಲ್ ಮೈಲಿ (ಒಂದು ಅಂದರೆ ಸುಮಾರು 1.85 ಕಿ.ಮೀ.), ಮೀನು ಮೊದಲಾದ ಸಂಪತ್ತಿನ ಹಕ್ಕು ಕೊಡುವ ವಿಶೇಷ ಆರ್ಥಿಕ ವಲಯ 200, ಸಮುದ್ರದ ತಳದ ಮೇಲೆ ಹಕ್ಕು ಕೊಡುವ ಖಂಡಾವರಣ ಪ್ರದೇಶ 350ರವರೆಗೆ. ತಪ್ಪೇನಿಲ್ಲ. ಆದರೆ ಅಕ್ಕಪಕ್ಕದ ಎರಡು ದೇಶಗಳ 200 ಒಂದರ ಮೇಲೊಂದು ಬಿದ್ದಾಗ ಏನು ಮಾಡುತ್ತಾರೆ? ಕೋರ್ಟು ಮೆಟ್ಟಿಲು ಹತ್ತುವ ಜಗಳವೆಲ್ಲ ಬಹುತೇಕ ಅಲ್ಲೇ ಇರುವುದು, ನೋಟ್ಸ್ ಮಾತ್ರ ಅಷ್ಟೊತ್ತಿಗೆ ಮುಗಿದುಹೋಗಿರುತ್ತದೆ.

1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಒಡಂಬಡಿಕೆಯನ್ನು ತೆರೆದರೂ ಸಮಾಧಾನವಾಗುವುದಿಲ್ಲ. ಅಂತಾರಾಷ್ಟ್ರೀಯ ಕಾನೂನಿನ ಪ್ರಕಾರ ಒಪ್ಪಂದ ಮಾಡಿಕೊಳ್ಳಿ, ಫಲ ನ್ಯಾಯಸಮ್ಮತವಾಗಿರಲಿ ಎಂದು 83ನೇ ವಿಧಿ ಹೇಳಿ ಕೈತೊಳೆದುಕೊಳ್ಳುತ್ತದೆ. ಗೆರೆ ಎಳೆಯುವ ಕ್ರಮವನ್ನು ಕಟ್ಟಿದ್ದು ನ್ಯಾಯಾಲಯಗಳು, ತೀರ್ಪಿನ ಮೇಲೆ ತೀರ್ಪು ಕೊಡುತ್ತಾ.

ನಮ್ಮ ಕಡೆ ಹೊಲದ ಹದ್ದುಬಸ್ತಿಗೆ ಸರ್ವೆಯರ್ ಬಂದರೆ ಮೊದಲು ಹುಡುಕುವುದು ಬಾಂದು ಕಲ್ಲು. ಕಲ್ಲು ಯಾವುದೆಂದು ಇತ್ಯರ್ಥವಾದರೆ ಅಳತೆ ಅರ್ಧ ದಿನದ ಕೆಲಸ. ಕಡಲಿನಲ್ಲಿ ಆ ಕಲ್ಲಿನ ಜಾಗದಲ್ಲಿರುವುದು ಆಧಾರ ಬಿಂದು, ಅಂದರೆ ದಂಡೆಯಿಂದ ಮುಂದಕ್ಕೆ ಚಾಚಿದ ಮೂಗುಗಳು. ಕಾಗದದ ಮೇಲೆ ಎರಡು ದಂಡೆ ಬರೆದು, ನಡುವೆ ಸಮದೂರ ರೇಖೆ ಎಳೆದು, ಅದರ ಮೇಲೆ ಎಲ್ಲಾದರೂ ಕೈವಾರದ ಮುಳ್ಳು ಊರಿ ನೋಡಿ. ವೃತ್ತ ಎರಡೂ ದಂಡೆಗಳನ್ನು ಒಂದೊಂದು ಬಿಂದುವಿನಲ್ಲಿ ಮುಟ್ಟಬೇಕು, ಯಾವುದನ್ನೂ ಸೀಳಬಾರದು. ಮುಳ್ಳನ್ನು ಸರಿಸುತ್ತಾ ಹೋದರೂ ಮುಟ್ಟುವುದು ಅದೇ ಮೂರು ನಾಲ್ಕು ಮೂಗುಗಳನ್ನು. ಹಿಂದಿರುವ ನೂರಾರು ಕಿಲೋಮೀಟರ್ ದಂಡೆಗೆ ಗೆರೆಯ ಮೇಲೆ ಹಿಡಿತವೇ ಇಲ್ಲ. ಅದಕ್ಕೇ ವಕೀಲರು ಒಂದು ಬಂಡೆಗೆ, ಒಂದು ಮರಳದಿಬ್ಬಕ್ಕೆ ಅಷ್ಟು ಬಡಿದಾಡುವುದು.

ಈ ರೇಖೆ ಕೈಕೊಡುವುದು ದಂಡೆ ಒಳಕ್ಕೆ ಬಾಗಿದಾಗ. ಬಾಗಿದ ದಂಡೆಯನ್ನು ಮೂರು ದೇಶಗಳಿಗೆ ಹಂಚಿ ಎರಡು ಸಮದೂರ ರೇಖೆ ಎಳೆದರೆ ಅವು ಒಂದರ ಕಡೆ ಒಂದು ವಾಲಿ ಸಮುದ್ರದಲ್ಲಿ ಕೂಡುತ್ತವೆ. ನಡುವಿನ ದೇಶಕ್ಕೆ ದಕ್ಕುವುದು ಒಂದು ತ್ರಿಕೋನ. ಉತ್ತರ ಸಮುದ್ರದಲ್ಲಿ ಡೆನ್ಮಾರ್ಕ್ ಮತ್ತು ನೆದರ್ಲೆಂಡ್ಸ್ ನಡುವೆ ಸಿಕ್ಕಿಕೊಂಡ ಪಶ್ಚಿಮ ಜರ್ಮನಿಯ ಕಥೆ ಇದೇ. 1969ರ ಫೆಬ್ರವರಿಯಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 11-6ರ ಬಹುಮತದಿಂದ, ಸಮದೂರ ತತ್ವ ಎಲ್ಲರನ್ನೂ ಕಟ್ಟಿಹಾಕುವ ನಿಯಮವಲ್ಲ ಎಂದಿತು. ಗೆರೆಯನ್ನು ತಾನೇ ಎಳೆಯಲಿಲ್ಲ. ಮೂವರೂ ಕೂತು ಮಾತಾಡಿ 1971ರಲ್ಲಿ ಒಪ್ಪಂದಕ್ಕೆ ಬಂದರು.

ಇವತ್ತಿನ ಮೂರು ಹಂತದ ಕ್ರಮ ಗಟ್ಟಿಯಾದದ್ದು 2009ರ ರೊಮೇನಿಯಾ-ಉಕ್ರೇನ್ ಕಪ್ಪು ಸಮುದ್ರದ ತೀರ್ಪಿನಲ್ಲಿ. ಮೊದಲು ತಾತ್ಕಾಲಿಕ ಸಮದೂರ ರೇಖೆ. ಆಮೇಲೆ ಅದನ್ನು ಸರಿಸಲು ವಿಶೇಷ ಕಾರಣವಿದೆಯೇ ಎಂಬ ಪರಿಶೀಲನೆ. ಕೊನೆಗೆ ದಂಡೆಯ ಉದ್ದದ ಅನುಪಾತಕ್ಕೂ ಸಿಕ್ಕ ಪ್ರದೇಶದ ಅನುಪಾತಕ್ಕೂ ವಿಪರೀತ ಅಂತರವಿದೆಯೇ ಎಂಬ ತಾಳೆ. ಈ ಮೂರನೆಯದನ್ನೇ ತುಂಬಾ ಜನ ತಪ್ಪಾಗಿ ಓದುವುದು: ಇದು ದಂಡೆಗೆ ತಕ್ಕಂತೆ ಪಾಲು ಮಾಡುವ ಲೆಕ್ಕವಲ್ಲ. ಅಲ್ಲಿ ರೊಮೇನಿಯಾ-ಉಕ್ರೇನ್ ದಂಡೆಯ ಅನುಪಾತ 1:2.8, ಪ್ರದೇಶದ್ದು 1:2.1, ನ್ಯಾಯಾಲಯ ಏನನ್ನೂ ಬದಲಿಸಲಿಲ್ಲ. ಸುಮಾರು 0.17 ಚದರ ಕಿಲೋಮೀಟರ್‌ನ ಸರ್ಪದ್ವೀಪವನ್ನು ಆಧಾರ ಬಿಂದು ಮಾಡಬೇಕೆಂದು ಉಕ್ರೇನ್ ಕೇಳಿತ್ತು. ಅದಕ್ಕೆ ಸುತ್ತ 12 ಮೈಲಿ ಬಿಟ್ಟರೆ ಬೇರೇನೂ ದಕ್ಕಲಿಲ್ಲ.

ನಮಗೆ ಹತ್ತಿರದ್ದು ಬಂಗಾಳ ಕೊಲ್ಲಿ. ಬಾಂಗ್ಲಾದೇಶದ್ದೂ ಒಳಬಾಗಿದ ದಂಡೆ, ಒಂದು ಕಡೆ ಭಾರತ, ಇನ್ನೊಂದು ಕಡೆ ಮ್ಯಾನ್ಮಾರ್. 2009ರ ಅಕ್ಟೋಬರ್‌ನಲ್ಲಿ ಅದು ಇಬ್ಬರ ಮೇಲೂ ದಾವೆ ಹೂಡಿತು. ಮ್ಯಾನ್ಮಾರ್ ಪ್ರಕರಣ ಹ್ಯಾಂಬರ್ಗ್‌ನ ಸಮುದ್ರ ಕಾನೂನು ನ್ಯಾಯಮಂಡಳಿಗೆ ಹೋಗಿ 2012ರಲ್ಲಿ ಮುಗಿಯಿತು. ಭಾರತದ್ದು ಐವರ ಮಧ್ಯಸ್ಥಿಕೆ ಮಂಡಳಿಯಲ್ಲಿ 2014ರ ಜುಲೈ 7ಕ್ಕೆ ತೀರ್ಮಾನವಾಯಿತು.

1970ರ ಚಂಡಮಾರುತದ ನಂತರ ಹರಿಯಾಭಂಗಾ ನದಿಯ ಬಾಯಲ್ಲಿ ಕಾಣಿಸಿಕೊಂಡು ಆಮೇಲೆ ಮುಳುಗಿಹೋದ ನ್ಯೂಮೂರ್ (ಬಾಂಗ್ಲಾದವರಿಗೆ ದಕ್ಷಿಣ ತಾಲ್ಪಟ್ಟಿ) ದಿಬ್ಬವನ್ನು ಭಾರತ ಆಧಾರ ಬಿಂದುವಾಗಿ ಮುಂದಿಟ್ಟಿತ್ತು. ಮಂಡಳಿ ಒಪ್ಪಲಿಲ್ಲ. ಇಳಿತದಲ್ಲಿ ತಲೆ ಎತ್ತಿ ಭರತದಲ್ಲಿ ಮುಳುಗುವ ನೆಲಕ್ಕೆ ಗೆರೆ ಕಟ್ಟಲಾಗದು ಎಂಬ ನಿಲುವು. ತಮಾಷೆಯೆಂದರೆ ಗೆರೆ ಬಿದ್ದ ಮೇಲೆ ಆ ಜಾಗ ಉಳಿದದ್ದು ಭಾರತದ ಕಡೆಗೇ.

ಸಮದೂರ ರೇಖೆ ಬಾಂಗ್ಲಾದೇಶವನ್ನು ಆಚೆಯ ಸಮುದ್ರದಿಂದ ಕತ್ತರಿಸಿಬಿಡುತ್ತದೆ ಎಂದು ಮಂಡಳಿ ಕಂಡುಕೊಂಡು, ರೇಖೆಯನ್ನು 177 ಡಿಗ್ರಿ 30 ಮಿನಿಟ್ ದಿಕ್ಕಿಗೆ ತಿರುಗಿಸಿತು. ಬಾಂಗ್ಲಾದೇಶ ಕೇಳಿದ್ದು 180, ನೇರ ದಕ್ಷಿಣ. ಬಾಂಗ್ಲಾ-ಭಾರತ ದಂಡೆಯ ಅನುಪಾತ 1:1.92, ಪ್ರದೇಶದ್ದು 1:2.81. ಇದು ವಿಪರೀತವಲ್ಲ ಎಂದು ತಾಳೆಯಲ್ಲೂ ಪಾಸು. ಮಂಡಳಿಗೆ ಭಾರತ ನೇಮಿಸಿದ್ದ ಸದಸ್ಯ ಪಿ.ಎಸ್. ರಾವ್ ಭಿನ್ನಮತ ಬರೆದರು. 25,602 ಚದರ ಕಿ.ಮೀ.ನಲ್ಲಿ 19,467 ಬಾಂಗ್ಲಾಕ್ಕೆ ಎಂದು ಪತ್ರಿಕೆಗಳು ಬರೆದದ್ದನ್ನು ಸೋಲು-ಗೆಲುವಿನ ಅಂಕವಾಗಿ ಓದಬಾರದು. ವಿವಾದಿತ ಪ್ರದೇಶ ಎಷ್ಟು ದೊಡ್ಡದು ಎಂಬುದು ಇಬ್ಬರೂ ಎಷ್ಟು ಕೇಳಿದರು ಎಂಬುದನ್ನು ಅವಲಂಬಿಸಿದೆ.

200 ಮೈಲಿ ದಾಟಿದ ಮೇಲೆ ಖಂಡಾವರಣ ಎಲ್ಲಿಯವರೆಗೆ ಎಂದು ಹೇಳಲು ಭೂವಿಜ್ಞಾನ ಬರುತ್ತದೆ. ಖಂಡಾವರಣದ ಅಂಚು ಆಳಸಮುದ್ರಕ್ಕೆ ಇಳಿಯುವ ಇಳಿಜಾರಿನ ಬುಡ ಗುರುತಿಸಿ ಅಲ್ಲಿಂದ 60 ಮೈಲಿ, ಇಲ್ಲವೇ ಹೂಳಿನ ದಪ್ಪ ಬುಡದಿಂದಿರುವ ದೂರದ ಶೇ 1ರಷ್ಟಿರುವ ಕಡೆಯವರೆಗೆ. ಬುಡದಿಂದ 185 ಕಿ.ಮೀ. ಆಚೆ ಹೋಗಬೇಕೆಂದರೆ ಅಲ್ಲಿ 1.85 ಕಿ.ಮೀ. ಹೂಳಿರಬೇಕು. ಗಂಗೆ-ಬ್ರಹ್ಮಪುತ್ರ ತಂದು ಸುರಿದಿರುವ ಕೊಲ್ಲಿಯಲ್ಲಿ ಅದಕ್ಕೆ ಬರವಿಲ್ಲ. ಇದಕ್ಕೆ ದೇಶಗಳು ಕೊಡುವ ದಾಖಲೆ ಪರಿಶೀಲಿಸುವುದು ಅದೇ ಒಡಂಬಡಿಕೆಯಡಿಯ 21 ತಜ್ಞರ ಆಯೋಗ. ದೇಶ-ದೇಶಗಳ ನಡುವಿನ ಗಡಿ ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ.

ಗೆರೆ ತಿರುಗಿಸಿದ್ದಕ್ಕೆ ಒಂದು ಎಡವಟ್ಟೂ ಉಳಿಯಿತು. ಭಾರತದ ದಂಡೆಯಿಂದ 200ರ ಒಳಗೆ, ಬಾಂಗ್ಲಾದಿಂದ 200ರ ಹೊರಗೆ ಇರುವ ಒಂದು ಪಟ್ಟಿ ಬಾಂಗ್ಲಾ ಬದಿಗೆ ಬಿತ್ತು. ಅಲ್ಲಿ ತಳ ಬಾಂಗ್ಲಾದ್ದು, ಮೇಲಿನ ನೀರು ಭಾರತದ್ದು. ಅನಿಲಕ್ಕೆ ಬಾವಿ ಕೊರೆಯಲು ಲೈಸೆನ್ಸ್ ಢಾಕಾದಿಂದ, ಮೀನಿಗೆ ದೆಹಲಿಯಿಂದ. 2023ರ ಜುಲೈನಲ್ಲಿ ನಿಕರಾಗುವಾ-ಕೊಲಂಬಿಯಾ ಪ್ರಕರಣದಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ, ಒಂದು ದೇಶದ 200ರ ಆಚೆಗಿನ ಖಂಡಾವರಣ ಇನ್ನೊಂದರ 200ರ ಒಳಗೆ ಬರುವಂತಿಲ್ಲ ಎಂದಿತು. ಆ ಮಾತು 2014ರಲ್ಲೇ ಬಂದಿದ್ದರೆ ಈ ಪಟ್ಟಿಯನ್ನು ಸಮರ್ಥಿಸುವುದು ಕಷ್ಟವಾಗುತ್ತಿತ್ತು. ಆದರೆ ಮಧ್ಯಸ್ಥಿಕೆಯ ತೀರ್ಪಿಗೆ ಮೇಲ್ಮನವಿಯಿಲ್ಲ, ಆದ್ದರಿಂದ ಗೆರೆ ಇದ್ದಲ್ಲೇ ಇದೆ.