ದಾರಿಯಲ್ಲಿದ್ದ ದುಡ್ಡು

ಹಿಂದಿನ ಕೆಲಸದಲ್ಲಿ ನಾನು ಒಂದು ವಾಲೆಟ್ ಆಪ್‌ನ ಬ್ಯಾಕೆಂಡ್ ನೋಡಿಕೊಳ್ಳುತ್ತಿದ್ದೆ. ಗ್ರಾಹಕರ ಬ್ಯಾಲೆನ್ಸ್ 3 ಸರ್ವರ್‌ಗಳಲ್ಲಿ ಹಂಚಿಹೋಗಿತ್ತು. ಒಬ್ಬರಿಂದ ಇನ್ನೊಬ್ಬರಿಗೆ ದುಡ್ಡು ಹೋದರೂ ಒಟ್ಟು ಮೊತ್ತ ಬದಲಾಗಬಾರದು, ಅಲ್ವಾ? ಅದನ್ನು ಕಾಯೋಕೆ ಒಂದು ಸ್ಕ್ರಿಪ್ಟ್ ಬರೆದೆ. ಮೂರೂ ಸರ್ವರ್‌ಗಳನ್ನು ಕೇಳು, ಕೂಡು, ಲೆಕ್ಕ ತಪ್ಪಿದರೆ ಅಲರ್ಟ್ ಕಳಿಸು.

ಸಂಬಳದ ದಿನ ಫೋನ್ ಬಾಯಿ ಮುಚ್ಚಲಿಲ್ಲ. ಒಮ್ಮೆ ₹500 ಕಮ್ಮಿ, ಒಮ್ಮೆ ₹2,000 ಜಾಸ್ತಿ. ಹತ್ತು ನಿಮಿಷ ಬಿಟ್ಟು ನೋಡಿದರೆ ಎಲ್ಲ ಸರಿ. ಕಿರಿಕಿರಿಯಾಗಿ ‘₹5,000 ತನಕ ಸುಮ್ಮನಿರು’ ಅಂತ ಒಂದು ಸಾಲು ಸೇರಿಸಿದೆ. ಎಲ್ಲರಿಗೂ ನಿದ್ದೆ ಬಂತು. ಮೂರು ವಾರದ ಮೇಲೆ ಮತ್ತೆ ಅಲರ್ಟ್. ಫೇಲ್ ಆದದ್ದನ್ನು ಮತ್ತೆ ಕಳಿಸುವ ರೀಟ್ರೈ ಕೋಡ್‌ನ ಬಗ್‌ನಿಂದ ಕೆಲವು ವರ್ಗಾವಣೆ ಎರಡು ಸಲ ಜಮಾ ಆಗುತ್ತಿದ್ದವು. ದಿನಕ್ಕೆ ಇನ್ನೂರು ಮುನ್ನೂರು ರೂಪಾಯಿ, ನಾನೇ ಹಾಸಿಕೊಟ್ಟ ಚಾಪೆಯ ಕೆಳಗೆ.

ಸುಳ್ಳು ಅಲರ್ಟ್‌ಗಳ ಕಾರಣ ಸರಳ. ಹಳೇ ಕಾಲದ ಮನಿ ಆರ್ಡರ್ ನೆನಪಿಸಿಕೊಳ್ಳಿ. ಕಳಿಸಿದವನ ಜೇಬಲ್ಲೂ ಇಲ್ಲ, ಊರಿನ ಅಮ್ಮನ ಕೈಲೂ ಇಲ್ಲ, ಅಂಚೆಯಲ್ಲಿದೆ. ನನ್ನ ಸ್ಕ್ರಿಪ್ಟ್ ಅಂಚೆಯನ್ನು ನೋಡುತ್ತಲೇ ಇರಲಿಲ್ಲ. ಕಳಿಸುವ ಮುಂಚೆ ಒಂದು ಕಡೆ, ತಲುಪಿದ ಮೇಲೆ ಇನ್ನೊಂದು ಕಡೆ ಎಣಿಸಿದರೆ ಅದೇ ದುಡ್ಡು ಎರಡು ಸಲ.

ಸೀನಿಯರ್ ಒಬ್ಬರು 1985ರ ಒಂದು ಪೇಪರ್ ಓದಲು ಹೇಳಿದರು. ಮದ್ರಾಸ್ ಐಐಟಿಯಲ್ಲಿ ಓದಿದ ಮಣಿ ಚಾಂಡಿ ಮತ್ತು ಲೆಸ್ಲಿ ಲ್ಯಾಂಪೋರ್ಟ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಬರೆದದ್ದು. ಒಂದು ಸರ್ವರ್ ತನ್ನ ಬ್ಯಾಲೆನ್ಸ್ ಬರೆದಿಟ್ಟು, ತಕ್ಷಣ ಉಳಿದ ಸರ್ವರ್‌ಗಳಿಗೆಲ್ಲ ಮಾರ್ಕರ್, ಅಂದರೆ ‘ನಾನು ಬರೆದಿಟ್ಟೆ’ ಅನ್ನೋ ಗುರುತಿನ ಮೆಸೇಜ್, ಕಳಿಸುತ್ತದೆ. ಮೊದಲ ಮಾರ್ಕರ್ ಕಂಡವರು ತಾವೂ ಹಾಗೇ ಮಾಡುತ್ತಾರೆ. ಬರೆದಿಟ್ಟ ಮೇಲೆ, ಆಯಾ ದಾರಿಯ ಮಾರ್ಕರ್ ಬರುವ ತನಕ ಅಲ್ಲಿಂದ ಬಂದದ್ದೆಲ್ಲ ‘ದಾರಿಯಲ್ಲಿದ್ದ ದುಡ್ಡು’. ಬರೆದಿಟ್ಟ ಬ್ಯಾಲೆನ್ಸ್‌ಗಳಿಗೆ ಅದನ್ನೂ ಕೂಡಿದರೆ ಮೊತ್ತ ಸರಿ. ಯಾವ ಸರ್ವರನ್ನೂ ನಿಲ್ಲಿಸಬೇಕಿಲ್ಲ.

ಷರತ್ತು ಒಂದಿದೆ. ಪ್ರತಿ ದಾರಿಯಲ್ಲೂ ಮೆಸೇಜ್‌ಗಳು ಹೊರಟ ಸಾಲಿನಲ್ಲೇ ಬರಬೇಕು. ನಮ್ಮ ಸರ್ವರ್‌ಗಳ ನಡುವಿನ ಮೆಸೇಜ್ ಕ್ಯೂನಲ್ಲಿ ಫೇಲ್ ಆದ ಮೆಸೇಜ್ ಸಾಲಿನ ಕೊನೆಗೆ ಹೋಗುತ್ತಿತ್ತು, ಮಾರ್ಕರ್ ಅದನ್ನು ದಾಟಿ ಬರುತ್ತಿತ್ತು. ಅದನ್ನು ಸರಿಮಾಡೋಕೇ ಜಾಸ್ತಿ ದಿನ ಹಿಡಿಯಿತು. ಆಮೇಲೆ ಆ ₹5,000 ಸಾಲನ್ನು ಅಳಿಸಿದೆ.

ಮ್ಯಾನೇಜರ್ ಕೇಳಿದ್ದು ಒಂದೇ. “ಈ ಲೆಕ್ಕ ಎಷ್ಟು ಗಂಟೆಯದು?” ಯಾವ ಗಂಟೆಯದೂ ಅಲ್ಲ ಅಂದೆ. ಮೂರೂ ಸರ್ವರ್ ಒಂದೇ ಕ್ಷಣದಲ್ಲಿ ಬರೆದಿಟ್ಟ ಹಾಗೆ ಇರಲೇ ಇಲ್ಲದಿರಬಹುದು. ಆದರೂ ಹಾಗಿರಲು ಸಾಧ್ಯವಿತ್ತು, ಮೊತ್ತವೂ ಸರಿಯಾಗಿರುತ್ತದೆ. ಅವರು ನನ್ನ ಮುಖವನ್ನೇ ನೋಡಿದರು. “ಆಡಿಟ್‌ನವರಿಗೆ ಇದನ್ನ ನೀನೇ ಹೇಳು.” ಕೊನೆಗೆ ರಿಪೋರ್ಟ್‌ನಲ್ಲಿ ಶುರುವಾದ ಸಮಯ, ಮುಗಿದ ಸಮಯ ಎರಡನ್ನೂ ಹಾಕಿದೆವು.