ಅಮ್ಮನ ಕೈ ಆಪರೇಷನ್ ಮತ್ತು ಒಂದು ಹಳದಿ ಚೀಲ

ಅಮ್ಮನ ಬಲಗೈಯ ಮೂರು ಬೆರಳು ರಾತ್ರಿ ಹೊತ್ತು ಜೋಮು ಹಿಡಿಯುತ್ತಿದ್ದವು. ಎದ್ದು ಕೂತು ಕೈ ಕೊಡವುವುದು, ಮತ್ತೆ ಮಲಗುವುದು. ಅಡಿಕೆ ಸುಲಿಯುವಾಗಂತೂ ಮೆಟ್ಟುಗತ್ತಿ ಮುಂದೆ ಅರ್ಧ ಗಂಟೆ ಕೂರಲು ಆಗುತ್ತಿರಲಿಲ್ಲ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಕಾರ್ಪಲ್ ಟನಲ್, ಸಣ್ಣ ಆಪರೇಷನ್ ಮಾಡಿ ಬಿಡಿಸಬೇಕು ಅಂದರು.

ಮೊದಲು ತೋರಿಸಿದ ಕಡೆ ಎರಡು ದಿನ ಅಡ್ಮಿಟ್ ಆಗಿ, ಖಾಲಿ ಹೊಟ್ಟೆಯಲ್ಲಿಟ್ಟು, ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡ್ತೀವಿ ಅಂದಿದ್ದರು. ಅಮ್ಮನಿಗೆ ಶುಗರ್ ಇದೆ, ಖಾಲಿ ಹೊಟ್ಟೆ ಅಂದರೇ ಭಯ. ಆಮೇಲೆ ಶಿವಮೊಗ್ಗದ ಒಂದು ಸಣ್ಣ ಕ್ಲಿನಿಕ್‌ಗೆ ಹೋದೆವು. ಅಲ್ಲಿನ ಡಾಕ್ಟರು, "ತಿಂಡಿ ತಿಂದುಕೊಂಡೇ ಬನ್ನಿ ಅಮ್ಮ" ಅಂದರು.

ಮಣಿಕಟ್ಟಿಗೆ ಆ ಜಾಗವನ್ನಷ್ಟೇ ಮರಗಟ್ಟಿಸುವ ಲಿಡೊಕೇನ್, ಜೊತೆಗೆ ಅಡ್ರಿನಲಿನ್ ಸೇರಿಸಿದ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ ಹೊರಗೆ ಕೂರಿಸಿದರು. ಅಡ್ರಿನಲಿನ್ ರಕ್ತನಾಳ ಬಿಗಿ ಮಾಡುತ್ತದೆ, ರಕ್ತ ಜಾಸ್ತಿ ಬರುವುದಿಲ್ಲ, ಹಾಗಾಗಿ ತೋಳಿಗೆ ಬಿಗಿಪಟ್ಟಿ ಬೇಡ, ಆ ಪಟ್ಟಿಯ ನೋವು ತಡೆಯಲು ಬೇಕಾಗುತ್ತಿದ್ದ ಮತ್ತಿನ ಮದ್ದೂ ಬೇಡ. ಬೆರಳಿನ ಹತ್ತಿರ ಅಡ್ರಿನಲಿನ್ ಕೊಟ್ಟರೆ ಬೆರಳೇ ಸತ್ತುಹೋಗುತ್ತದೆ ಅಂತ ಡಾಕ್ಟರುಗಳು ದಶಕಗಟ್ಟಲೆ ಹೆದರಿದ್ದರು. ಆ ಹೆದರಿಕೆ ಬಿಡಿಸಿದ್ದರಲ್ಲಿ ಕೆನಡಾದ ಸೇಂಟ್ ಜಾನ್ ಊರಿನ ಸರ್ಜನ್ ಡೊನಾಲ್ಡ್ ಲಲೋಂಡ್ ಅವರ ಪಾಲು ದೊಡ್ಡದು.

ಅಮ್ಮ ಎಚ್ಚರವಾಗೇ ಇದ್ದಳು, ತೋಟದ ಕೊಳೆರೋಗದ ಬಗ್ಗೆ ಡಾಕ್ಟರ ಹತ್ತಿರ ಮಾತಾಡುತ್ತಲೇ ಇದ್ದಳು. ಮುಗಿದ ಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿದ್ದ ಹಳದಿ ಚೀಲ. ರಕ್ತ ತಾಗಿದ ಹತ್ತಿ, ಬಟ್ಟೆ ಸುಡಲು ಹೋಗುವುದು ಅದರಲ್ಲೇ. ತಳದಲ್ಲಿ ಒಂದು ಹಿಡಿ ಹತ್ತಿ, ಒಂದು ಸಣ್ಣ ಹೊದಿಕೆ, ಅಷ್ಟೇ. ದೊಡ್ಡ ಆಪರೇಷನ್ ಥಿಯೇಟರ್ ಆಗಿದ್ದರೆ ಮೈತುಂಬ ಹೊದಿಸುವ ಶೀಟು, ಎಲ್ಲರ ಗೌನು ಸೇರಿ ಚೀಲ ಉಕ್ಕುತ್ತಿತ್ತು. ಕರೆಂಟೂ ಹಾಗೇ. ಥಿಯೇಟರ್‌ನ ಗಾಳಿಯನ್ನು ಗಂಟೆಗೆ ಸುಮಾರು 20 ಸಲ ಬದಲಿಸುತ್ತಿರಬೇಕು. ಆಸ್ಪತ್ರೆಯ ಅಷ್ಟೇ ಅಳತೆಯ ಬೇರೆ ಜಾಗಕ್ಕಿಂತ ಅಲ್ಲಿ 3ರಿಂದ 6 ಪಟ್ಟು ಶಕ್ತಿ ಖರ್ಚಾಗುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಅಂಗೈಯಲ್ಲಿ ಎರಡು ಮೂರು ಸೆಂಟಿಮೀಟರ್ ಕೊಯ್ಯಲು ಅಷ್ಟೆಲ್ಲ ಬೇಕಾ? ಹೃದಯ, ಹೊಟ್ಟೆ ಆಪರೇಷನ್‌ಗೆ ಬೇಕು, ಒಪ್ಪುತ್ತೇನೆ. ಅಂಥವಕ್ಕೇ ಆ ಥಿಯೇಟರ್ ಮೀಸಲಿರಲಿ.

ನನಗೆ ನಿಜಕ್ಕೂ ಸಿಟ್ಟು ಬರುವುದು ಇನ್ಶೂರೆನ್ಸ್ ವಿಷಯಕ್ಕೆ. ಹೊರರೋಗಿಯಾಗಿ ಮಾಡಿಸಿಕೊಂಡ ಖರ್ಚನ್ನು ಎಷ್ಟೋ ಪಾಲಿಸಿಗಳು ಕೊಡುವುದೇ ಇಲ್ಲ. ಹಾಗಾಗಿ ದುಡ್ಡು ಬರಲಿ ಅಂತ ಸುಮ್ನೆ ಅಡ್ಮಿಟ್ ಆಗುತ್ತಾರೆ, ಹಾಸಿಗೆ ತುಂಬುತ್ತದೆ, ಚೀಲವೂ ತುಂಬುತ್ತದೆ. ನಮ್ಮ ಬಿಲ್ಲನ್ನು ನಾವೇ ಕಟ್ಟಿದೆವು.

ಮನೆಯಲ್ಲಿ ಯಾರಿಗಾದರೂ ಇಂಥ ಸಣ್ಣ ಆಪರೇಷನ್ ಹೇಳಿದರೆ, ಅಡ್ಮಿಟ್ ಆಗಲೇಬೇಕಾ, ಬರೀ ಇಂಜೆಕ್ಷನ್‌ನಲ್ಲಿ ಆಗುವುದಿಲ್ವಾ ಅಂತ ಒಮ್ಮೆ ಕೇಳಿ.